ನೋಡಿದ ಕಡೆ ಸುಡುವ ಗನ್ನು

ಸುಳ್ಳು ಹೇಳುವುದರಲ್ಲಿ ಎರಡು ಬಗೆ. ಬಾಯಿ ಬಿಟ್ಟು ಹೇಳುವುದು ಒಂದು, ಬಾಯಿ ಮುಚ್ಚಿಕೊಂಡು ಹೇಳುವುದು ಇನ್ನೊಂದು. ಸುಗಟೂರಿನ ಮಿಲಿಟರಿ ಕೋದಂಡರಾಮಪ್ಪ ಶುರು ಮಾಡಿದ್ದು ಎರಡನೆಯ ಬಗೆಯಿಂದ. ಆದ್ದರಿಂದ ಮೊದಲ ದಿನದ ಪಾಪವನ್ನು ಪೂರ್ತಿ ಅವನ ತಲೆಗೇ ಕಟ್ಟುವುದು ನ್ಯಾಯವಲ್ಲ.

ಎಪ್ಪತ್ತೊಂದರ ಯುದ್ಧ ಮುಗಿದು, ಪೆನ್ಶನ್ ತೆಗೆದುಕೊಂಡು ಅವನು ಕೋಲಾರದ ಬಸ್ಸಿನಿಂದ ಟ್ರಂಕು ಇಳಿಸುತ್ತಿದ್ದ ಹಾಗೆಯೇ ಊರವರು ಕುತ್ತಿಗೆಗೆ ಹಾರ ಹಾಕಿದರು. ಊರಿನ ಹಿರಿಯ ಚನ್ನರಾಯಪ್ಪ ಎಲ್ಲರ ಪರವಾಗಿ ವಿಚಾರಣೆ ನಡೆಸಿದ.

"ಮಿಲಿಟರೀಲಿ ಎಲ್ಲಿದ್ದೆ ಕೋದಂಡ?"

"ಹೆಲಿಕಾಪ್ಟರ್ ಕ್ಯಾಂಪಿನಲ್ಲಿ." ಇದು ನಿಜ.

"ಗನ್ ಇರೋ ಹೆಲಿಕಾಪ್ಟರಾ?"

"ಹೂಂ, ಇತ್ತು." ಇದೂ ನಿಜ.

"ಹಂಗಾದ್ರೆ ಗನ್ ಹೊಡೀತಿದ್ದೆ ಅನ್ನು!"

ಇಲ್ಲಿ ಕೋದಂಡರಾಮಪ್ಪ ಬಾಯಿ ಮುಚ್ಚಿಕೊಂಡು ಹಾರ ಸರಿಮಾಡಿಕೊಂಡ. ಅವನು ಇದ್ದದ್ದು ಆ ಕ್ಯಾಂಪಿನ ಲಂಗರಿನಲ್ಲಿ, ಅಂದರೆ ಅಡಿಗೆಮನೆಯಲ್ಲಿ. ಹೆಲಿಕಾಪ್ಟರಿನ ಗನ್ನನ್ನು ಅವನು ನೋಡಿದ್ದು ಬೇಳೆಯ ಹಂಡೆಯ ಆವಿಯ ಹಿಂದಿನಿಂದ. ಆದರೆ ಒಲೆಯ ಬೂದಿ ಎತ್ತುವುದಕ್ಕೂ ಗಂಡಸು ಬಗ್ಗದ ಊರು ಅದು. ಹೆಂಡತಿ ಭಾರತಮ್ಮ ಮನೆಯಲ್ಲಿ ಮಾಡುವ ಕೆಲಸವನ್ನೇ ಮಾಡುವುದಕ್ಕೆ ಅಷ್ಟು ದೂರ ಹೋಗಿದ್ದೆ ಅಂತ, ಹಾರ ಹಾಕಿಸಿಕೊಂಡ ಕುತ್ತಿಗೆಯಿಂದ ಹೇಳುವುದಾದರೂ ಹೇಗೆ?

ಆಮೇಲೆ ಅವನು ಬಾಯಿ ಬಿಟ್ಟ. ಆಂಜಿನಪ್ಪನ ಟೀ ಹೋಟೆಲ್ಲಿನ ಬೆಂಚಿನ ಮೇಲೆ ಆ ಯುದ್ಧ ವರ್ಷಗಟ್ಟಲೆ ನಡೆಯಿತು. ಬಸ್ಸಿನಲ್ಲಿ ಅವನಿಗೆ ಕಿಟಕಿ ಪಕ್ಕದ ಸೀಟು, ಹೋಟೆಲ್ಲಿನಲ್ಲಿ ಮೊದಲ ಲೋಟ ಟೀ. ಎಂಬತ್ತಾರನೇ ಇಸವಿಯಲ್ಲಂತೂ, ಸ್ವಾತಂತ್ರ್ಯ ದಿನಕ್ಕೆ ಸ್ಕೂಲಿನ ಬಾವುಟ ಹಾರಿಸಲು ಸಾಹೇಬರು ಯಾರೂ ಬೇಡ, ನಮ್ಮ ಗನ್ನರೇ ಸಾಕು ಅಂತ ಊರು ತೀರ್ಮಾನ ಮಾಡಿತು. ಭಾರತಮ್ಮ ಅದಕ್ಕೆಂದು ಅವನ ಬಿಳಿ ಷರಟಿಗೆ ನೀಲಿ ಹಾಕಿ ಒಣಗಿಸಿದ್ದಳು.

ಆಗಸ್ಟ್ ತಿಂಗಳ ಮೊದಲ ವಾರ ಆಂಜಿನಪ್ಪ ಪೇಪರ್ ಹಿಡಿದುಕೊಂಡು ಕೇಳಿದ. "ಕೋದಂಡಣ್ಣ, ರಷ್ಯಾದಿಂದ ಹೊಸ ಥರದ ಹೆಲಿಕಾಪ್ಟರ್ ತರ್ಸವ್ರಂತೆ? ಬರೀ ಯುದ್ಧ ಮಾಡೋಕೇ ಅಂತೆ?"

ಆ ಪೇಪರನ್ನು ಕೋದಂಡರಾಮಪ್ಪ ಓದಿರಲಿಲ್ಲ. ಆದರೆ ಗನ್ನರ್ ಆದವನು ಗೊತ್ತಿಲ್ಲ ಅನ್ನುವಂತಿಲ್ಲ.

"ಅದಾ? ಅದರ ಗನ್ನಿಗೆ ಕೈ ಬೇಕಿಲ್ಲ ಕಣೋ. ಗನ್ನರ್ ತಲೆಗೊಂದು ಟೋಪಿ. ಟೋಪಿ ಎತ್ತ ತಿರುಗ್ತೋ ಗನ್ನೂ ಅತ್ತ ತಿರುಗ್ತದೆ. ದಿಟ್ಟಿಸಿ ನೋಡಿದ್ನೋ, ಮುಗೀತು. ನೋಡಿದ ಕಡೆ ಸುಡ್ತದೆ."

"ಗನ್ನರ್‌ಗೆ ಮೆಳ್ಳೆಗಣ್ಣಿದ್ರೆ?"

"ಅಂಥವರನ್ನ ಸೇರಿಸಲ್ಲ."

"ಸೀನಿದ್ರೆ?"

ಕೋದಂಡರಾಮಪ್ಪ ಲೋಟ ಕೆಳಗಿಟ್ಟ. "ಸೀನಿದ್ದಕ್ಕೇ ಒಂದ್ಸಲ ಒಂದು ಸೇತುವೆ ಹೋಯ್ತು."

"ಹೆಂಡ್ತಿ ಮುಖ ನೋಡಿದ್ರೆ?"

"ಅದಕ್ಕೇ ರಜಾಕ್ಕೆ ಬರುವಾಗ ಟೋಪಿ ಅಲ್ಲೇ ಬಿಟ್ಟು ಬರಬೇಕು ಅಂತ ಆರ್ಡರು."

ಎಲ್ಲರೂ ನಕ್ಕರು. ಮೂಲೆಯಲ್ಲಿ ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸಿ ಸುಧಾರಿಸಿಕೊಳ್ಳುತ್ತಿದ್ದ ದೊಡ್ಡಮುನಿಯಮ್ಮ ಮಾತ್ರ ನಗಲಿಲ್ಲ. ಊರಿನಲ್ಲಿ ಯಾರ ಮನೆಯ ರೇಷ್ಮೆ ಹುಳ ಕೆಟ್ಟರೂ ಹೇಳಿಕಳಿಸುತ್ತಿದ್ದದ್ದು ಈ ಮುದುಕಿಗೇ. ಹುಳದ ಮನೆಗೆ ಅವಳು ಸ್ವಂತ ಅಳಿಯನನ್ನೂ ಬಿಟ್ಟವಳಲ್ಲ, ಕಣ್ಣು ಬೀಳುತ್ತದೆ ಅಂತ.

"ನೋಡಿದ್ರೇ ಸಾಯ್ತಾರೆ ಅಂದ್ರೆ ಅದು ಗನ್ನಲ್ಲ ನಾಯನಾ, ಅದು ದೃಷ್ಟಿ" ಅಂದಳು. "ಅಂಥದು ಈ ಕಡೆ ಬರದೇ ಇರ್ಲಿ."

ಬಂತು. ಅದೇ ವಾರ ಬಂತು.

ಬೆಳಗಿನ ತಿಂಡಿಯ ಹೊತ್ತಿಗೆ ಮುಳಬಾಗಿಲಿನ ಕಡೆಯಿಂದ ಗುಡುಗಿನಂಥ ಸದ್ದು ಕೇಳಿಸಿತು. ನೋಡನೋಡುತ್ತಿದ್ದಂತೆ ಹಸಿರು ಮಣ್ಣು ಬಣ್ಣ ಬಳಿದ ಭಾರಿ ಹೆಲಿಕಾಪ್ಟರೊಂದು ಊರಿಗೆ ಒಂದು ಸುತ್ತು ಹಾಕಿ, ಕೆರೆಯ ಹಿಂದಿನ ಗೋಮಾಳದಲ್ಲಿ ಧೂಳೆಬ್ಬಿಸಿಕೊಂಡು ಇಳಿಯಿತು. ಎಣ್ಣೆ ಸೋರುತ್ತಿದ್ದುದರಿಂದ ಮುಂದೆ ಹೋಗುವುದು ಕ್ಷೇಮವಲ್ಲವೆಂದು ಇಳಿಸಿದ್ದರು. ಊರಿಗೆ ಅದು ಗೊತ್ತಿಲ್ಲ. ಊರಿಗೆ ಗೊತ್ತಿದ್ದದ್ದು ಒಂದೇ, ಕೋದಂಡಣ್ಣನ ಹೆಲಿಕಾಪ್ಟರ್ ಬಂದಿದೆ.

ಕೋದಂಡಣ್ಣ ಆ ಹೊತ್ತಿಗೆ ಅಟ್ಟದ ಮೇಲಿದ್ದ.

"ಇಳೀರಿ" ಅಂದಳು ಭಾರತಮ್ಮ ಕೆಳಗೆ ನಿಂತು. "ಊರೆಲ್ಲಾ ಬಾಗಿಲಿಗೆ ಬಂದೈತೆ."

"ನನಗೆ ಜ್ವರ ಅನ್ನು."

"ಜ್ವರ ಬಂದವರು ಅಟ್ಟ ಹತ್ತುತಾರಾ? ಇಳೀರಿ."

ಅವನನ್ನು ಮೆರವಣಿಗೆಯಲ್ಲಿ ಕರೆದುಕೊಂಡು ಹೋದರು. ಅಂಥ ಯಂತ್ರವನ್ನು ಕೋದಂಡರಾಮಪ್ಪನೂ ನೋಡುತ್ತಿದ್ದದ್ದು ಅದೇ ಮೊದಲು. ಮೂತಿಯ ಕೆಳಗೆ ನಾಲ್ಕು ಕೊಳವೆ ಕೂಡಿಸಿದ ಗನ್ನು; ಮೇಲೊಂದು ಕೆಳಗೊಂದು ಎರಡು ಗಾಜಿನ ಗೂಡು; ಎರಡೂ ಪಕ್ಕದಲ್ಲಿ ಮೋಟು ರೆಕ್ಕೆ, ರೆಕ್ಕೆಯ ಕೆಳಗೆ ದಪ್ಪ ಡಬ್ಬಿಗಳು. ಜನ ಪ್ರಶ್ನೆ ಹಿಡಿದುಕೊಂಡು ಅವನ ಸುತ್ತ ನಿಂತರು.

"ಇದಕ್ಕೆ ಡೀಸೆಲ್ಲಾ, ಸೀಮೆಎಣ್ಣೆಯಾ ಅಣ್ಣ?"

"ರಿವರ್ಸ್ ಹೋಗ್ತದಾ?"

"ರೆಕ್ಕೆ ಕೆಳಗಿನ ಡಬ್ಬಿ ಏನು? ಪಡ್ಡಿನ ಹಂಚಿದ್ದಂಗೆ ತೂತು ತೂತು?"

"ರಾಕೆಟ್ಟಿನ ಡಬ್ಬಿ. ತೂತಿಗೊಂದು ರಾಕೆಟ್ಟು" ಅಂದ ಕೋದಂಡರಾಮಪ್ಪ. ಇದು ಅವನಿಗೆ ನಿಜವಾಗಿಯೂ ಗೊತ್ತಿದ್ದ ಸಂಗತಿ. ಜೀವನದಲ್ಲಿ ಒಂದು ನಿಜ ಹೇಳಿದ ಧೈರ್ಯದಿಂದ ಎರಡು ಹೆಜ್ಜೆ ಮುಂದೆಯೂ ಇಟ್ಟ.

ಆಗ ಮುಂದಿನ ಗಾಜಿನ ಗೂಡು ತೆರೆಯಿತು. ಒಬ್ಬ ಯುವಕ ಇಳಿದ. ಅವನ ತಲೆಯ ಮೇಲೆ ಟೋಪಿ ಇತ್ತು, ಕಿವಿ ಕೆನ್ನೆ ಎಲ್ಲ ಮುಚ್ಚುವ ದಪ್ಪ ಟೋಪಿ. ಟೋಪಿಯಿಂದ ಒಂದು ವೈರೂ ನೇತಾಡುತ್ತಿತ್ತು.

ಯುವಕ ಎಡಕ್ಕೆ ನೋಡಿದ. ಎಡಗಡೆಯ ಜನವೆಲ್ಲ ಧೊಪ್ಪನೆ ನೆಲಕ್ಕೆ ಬಿದ್ದರು. ಗಾಬರಿಯಾಗಿ ಬಲಕ್ಕೆ ತಿರುಗಿದ. ಬಲಗಡೆಯವರು ಬಿದ್ದರು. ದೇವರೇ ಇದೇನೆಂದು ಮೇಲೆ ನೋಡಿದ. ಹುಣಸೆಮರ ಹತ್ತಿ ಕೂತಿದ್ದವರು ಉದುರಿದರು.

ಹಿಂದಿನ ಗೂಡಿನಿಂದ ಮೀಸೆಯ ಕ್ಯಾಪ್ಟನ್ನು ಇಳಿದ. ಹಿಂದಿಯಲ್ಲಿ ಇದೇನೆಂದು ಕೇಳಿದ. ಊರಿನಲ್ಲಿ ಹಿಂದಿ ಬರುತ್ತಿದ್ದದ್ದು ಕೋದಂಡರಾಮಪ್ಪನಿಗೊಬ್ಬನಿಗೇ. ಆ ದಿನ ದೇವರು ಅವನ ಮೇಲಿಟ್ಟ ಕರುಣೆಯೆಂದರೆ ಅದೊಂದೇ.

"ದೊಡ್ಡವರಿಗೆ ಸಾಷ್ಟಾಂಗ ಹಾಕೋದು ನಮ್ಮೂರ ಪದ್ಧತಿ, ಸಾಬ್" ಅಂದ ಹಿಂದಿಯಲ್ಲಿ.

ಕ್ಯಾಪ್ಟನ್ನಿನ ಮನಸ್ಸು ಕರಗಿತು. ಯುವಕನಿಗೆ ಏನೋ ಹೇಳಿದ. ಯುವಕ ಕೈಮುಗಿದು, ನಾಲ್ಕು ದಿಕ್ಕಿಗೂ ತಿರುಗಿ ತಿರುಗಿ ತಲೆಬಾಗಿದ. ಎದ್ದಿದ್ದವರೆಲ್ಲ ನಾಲ್ಕು ದಿಕ್ಕಿನಲ್ಲೂ ಮತ್ತೆ ಬಿದ್ದರು.

"ಲೇ ಕೋದಂಡ!" ಚನ್ನರಾಯಪ್ಪ ನೆಲಕ್ಕೆ ಗಲ್ಲ ಒತ್ತಿಕೊಂಡೇ ಹಲ್ಲು ಕಡಿದ. ಅವನು ಈಗ ಹಾಲಿನ ಸೊಸೈಟಿಯ ಅಧ್ಯಕ್ಷ. ಇಸ್ತ್ರಿ ಷರಟು ಹಾಕಿಕೊಂಡು ಬಂದಿದ್ದ. "ಆ ಮಹರಾಯನಿಗೆ ಕಣ್ಣು ಮುಚ್ಕೊಳ್ಳೋಕೆ ಹೇಳಲಾ!"

"ಇಲ್ಲಿನ ಧೂಳು ಕಣ್ಣಿಗೆ ಒಳ್ಳೇದಲ್ಲ ಸಾಬ್, ಸ್ವಲ್ಪ ಹೊತ್ತು ಮುಚ್ಚಿಕೊಂಡಿರಿ" ಎಂದು ಕೋದಂಡರಾಮಪ್ಪ ಭಾಷಾಂತರಿಸಿದ. ಯುವಕ ವಿಧೇಯನಾಗಿ ಕಣ್ಣು ಮುಚ್ಚಿದ. ಜನ ಎದ್ದು ಮೈ ಕೊಡವಿಕೊಂಡರು. ಆಂಜಿನಪ್ಪ ಹಿಂದುಗಡೆಯಿಂದ ಬಂದು, ಯುವಕನ ತೋಳು ಹಿಡಿದು, ಹೆಲಿಕಾಪ್ಟರಿನ ಪಕ್ಕಕ್ಕೆ ಊರವರು ತಂದಿಟ್ಟಿದ್ದ ಮಂಚದ ಮೇಲೆ ಕೂರಿಸಿ, ಕೈಗೆ ಟೀ ಲೋಟ ಇಟ್ಟು ಹಾಗೇ ಹಿಂದಕ್ಕೆ ಸರಿದ.

ಕ್ಯಾಪ್ಟನ್ನು ಕೋದಂಡರಾಮಪ್ಪನ ಹಿಂದಿ ಕೇಳಿ ಖುಷಿಯಾಗಿದ್ದ. ನೀನೂ ಫೌಜಿಯಾ, ಮಿಲಿಟರಿಯಲ್ಲಿ ಏನು ಕೆಲಸ ಮಾಡುತ್ತಿದ್ದೆ ಅಂತ ಕೇಳಿದ. ಕೋದಂಡರಾಮಪ್ಪ ಆ ಕಡೆ ಈ ಕಡೆ ನೋಡಿ ಮೆಲ್ಲಗೆ "ಲಂಗರ್, ಸಾಬ್" ಅಂದ. ಕ್ಯಾಪ್ಟನ್ನು ಹೋ ಎಂದು ನಕ್ಕು ಅವನ ಬೆನ್ನು ತಟ್ಟಿದ.

"ಏನಂತೆ, ಏನಂತೆ?" ಜನ ಕೇಳಿದರು.

"ಗನ್ನರ್ ಅಂದ್ರೆ ಹಿಂಗಿರಬೇಕು ಅಂದ್ರು."

ಹೀಗೆ ಹಿಂದಿಯಲ್ಲಿ ನಿಜ, ಕನ್ನಡದಲ್ಲಿ ಸುಳ್ಳು ಹೇಳಿಕೊಂಡು ಅವನು ಸಂಜೆಯವರೆಗೆ ತಳ್ಳಿಬಿಡುತ್ತಿದ್ದನೋ ಏನೋ. ಪೋಸ್ಟಾಫೀಸಿನ ಫೋನಿನಿಂದ ಸುದ್ದಿ ಹೋಗಿತ್ತು. ಮಧ್ಯಾಹ್ನದ ಮೇಲೆ ಇನ್ನೊಂದು ಹೆಲಿಕಾಪ್ಟರಿನಲ್ಲಿ ರಿಪೇರಿಯವರು ಬರುವುದೆಂದಾಗಿತ್ತು. ಆದರೆ ಟೀ ಕುಡಿದ ಯುವಕನಿಗೆ ಬೆವರಿತು. ಕಣ್ಣು ಮುಚ್ಚಿಕೊಂಡೇ ಟೋಪಿ ತೆಗೆದು, ತಡವಿ, ಹೆಲಿಕಾಪ್ಟರಿನ ಮೋಟು ರೆಕ್ಕೆಯ ಮೇಲೆ ಇಟ್ಟುಬಿಟ್ಟ.

ಟೋಪಿಯ ಮುಖ ಊರಿನ ಕಡೆಗಿತ್ತು.

ಊರಿನ ಮುಕ್ಕಾಲು ಮನೆಗಳಲ್ಲಿ ಅಂದು ಹುಳ ಹಣ್ಣಾಗಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಯ ಮೇಲೆ ಬಿಟ್ಟಿದ್ದರು. ಅಂಥ ಹೊತ್ತಿನಲ್ಲಿ ಹುಳದ ಮನೆಯ ಹತ್ತಿರ ಒಗ್ಗರಣೆಯನ್ನೂ ಹಾಕುವುದಿಲ್ಲ. ಈಗ ನೋಡಿದರೆ ಒಂದು ಗನ್ನಿನ ಕಣ್ಣು ರೆಪ್ಪೆ ಬಡಿಯದೆ ಊರನ್ನೇ ನೋಡುತ್ತಾ ಕೂತಿದೆ. ಟೋಪಿ ತಿರುಗಿಸಿಡು ಅಂತ ಕೋದಂಡರಾಮಪ್ಪನಿಗೆ ಹೇಳಿದರು. ಅವನು ತಿರುಗಿಸಲು ಹೋದ. ಮಿಲಿಟರಿ ಸಾಮಾನು ಮುಟ್ಟಬೇಡ ಎಂದು ಕ್ಯಾಪ್ಟನ್ನು ಗದರಿದ.

"ಮುಟ್ಟಿದ್ರೆ ಸಿಡೀತದಂತಾ?" ಆಂಜಿನಪ್ಪ ಕೇಳಿದ.

ಕೋದಂಡರಾಮಪ್ಪನಿಗೆ ಬೇರೆ ಏನೂ ಹೊಳೆಯಲಿಲ್ಲ. "ಹೂಂ" ಅಂದ.

ಆ ಒಂದು ಹೂಂ ಊರನ್ನೇ ಸುಡುವುದರಲ್ಲಿತ್ತು. ಸ್ವಲ್ಪ ಹೊತ್ತಿನಲ್ಲೇ ಜನ ಎರಡು ಪಾಲಾಗಿ ದಾರಿ ಬಿಟ್ಟರು. ನಡುವೆ ದೊಡ್ಡಮುನಿಯಮ್ಮ ಬರುತ್ತಿದ್ದಳು. ಒಂದು ಕೈಯಲ್ಲಿ ನಿಗಿನಿಗಿ ಕೆಂಡದ ಹಳೇ ಬಾಣಲಿ, ಇನ್ನೊಂದು ಕೈಯಲ್ಲಿ ಒಣಮೆಣಸಿನಕಾಯಿ ಉಪ್ಪು. ಗಂಡಸರ ಕೈಲಿ ಆಗದ ಕೆಲಸವನ್ನು ತಾನೇ ಮಾಡುವುದೆಂದು ನಿರ್ಧರಿಸಿ, ಹೆಲಿಕಾಪ್ಟರಿಗೆ ದೃಷ್ಟಿ ತೆಗೆಯಲು ಹೊರಟಿದ್ದಳು.

ಕ್ಯಾಪ್ಟನ್ನು ಮೊದಲು ಇದೂ ಪದ್ಧತಿಯಿರಬೇಕೆಂದು ಕೈಮುಗಿದ. ಆಮೇಲೆ ಬಾಣಲಿಯಲ್ಲಿರುವುದು ಕೆಂಡವೆಂದು ಕಂಡು ಅವನ ಮೀಸೆ ನೆಟ್ಟಗಾಯಿತು. ಹೆಲಿಕಾಪ್ಟರಿನ ಹೊಟ್ಟೆಯ ಕೆಳಗೆ ಎಣ್ಣೆ ಸೋರಿ ಮಡುಗಟ್ಟಿತ್ತು. ಅವನು ಕೂಗಿದ, ಕೈ ಬೀಸಿದ, ಓಡಿಬಂದ. ಯುವಕ ಕಣ್ಣು ತೆರೆದು ಅವಸರಕ್ಕೆ ಮತ್ತೆ ಟೋಪಿ ಹಾಕಿಕೊಂಡು ಓಡಿಬಂದ. ಜನ ಸಾಲುಸಾಲಾಗಿ ಮಕಾಡೆ ಬಿದ್ದರು. ಮುದುಕಿ ಒಬ್ಬಳೇ ಬೀಳಲಿಲ್ಲ.

"ನೋಡಪ್ಪಾ, ನೋಡು" ಅಂದಳು ಟೋಪಿಗೆ. "ನನ್ನ ಸುಟ್ಟರೆ ಸುಡು. ಹುಳದ ಮೇಲೆ ಮಾತ್ರ ಕಣ್ಣು ಹಾಕ್ಬೇಡ." ಹಾಗೇ ಮುಂದೆ ನಡೆದಳು.

ಕೋದಂಡರಾಮಪ್ಪ ಓಡಿಹೋಗಿ ಅಡ್ಡ ನಿಂತ. "ದೊಡ್ಡಮ್ಮಾ, ನಿಂತ್ಕೋ! ಎಣ್ಣೆ ಸುರೀತಾ ಐತೆ! ಬೆಂಕಿ ತಗುಲಿದ್ರೆ ಯಾರೂ ಉಳಿಯಲ್ಲ!"

"ಆ ಕಣ್ಣು ತೆರಕೊಂಡಿದ್ರೂ ಉಳಿಯಲ್ಲ ಕಣೋ. ದಾರಿ ಬಿಡು."

"ಅದಕ್ಕೆ ಕಣ್ಣಿಲ್ಲ ದೊಡ್ಡಮ್ಮಾ!"

"ನೀನೇ ತಾನೇ ಐತೆ ಅಂದಿದ್ದು?"

ಬಾವುಟ, ಬಿಳಿ ಷರಟು, ಕಿಟಕಿ ಪಕ್ಕದ ಸೀಟು ಎಲ್ಲವೂ ಕೋದಂಡರಾಮಪ್ಪನ ಕಣ್ಣ ಮುಂದೆ ಬಂದವು. ಬಾಣಲಿ ಇನ್ನೂ ಹತ್ತಿರ ಬಂತು. ಮೆಣಸಿನಕಾಯಿಯ ಘಾಟು ಮೂಗಿಗೆ ಬಡಿಯಿತು.

"ಸುಳ್ಳು ಹೇಳ್ದೆ!"

"ಗನ್ ಹಿಂದೆ ಕೂತಿದ್ದವನು ಸುಳ್ಳು ಯಾಕ್ ಹೇಳ್ತೀಯ?"

"ಗನ್ ಹಿಂದೆ ನಾನು ಕೂತೇ ಇಲ್ಲ! ಒಲೆ ಮುಂದೆ ಕೂತಿದ್ದೆ! ಅಡಿಗೆ ಮಾಡ್ತಿದ್ದೆ ದೊಡ್ಡಮ್ಮಾ, ಅಡಿಗೆ! ಬೇಳೆ, ಚಪಾತಿ, ಆಲೂಗಡ್ಡೆ!"

ಗೋಮಾಳದ ಕೊನೆಯವರೆಗೂ ಆಲೂಗಡ್ಡೆ ಕೇಳಿಸಿತು. ದೊಡ್ಡಮುನಿಯಮ್ಮ ನಿಂತಳು. ಭಾರತಮ್ಮ ಬಿಂದಿಗೆ ಹಿಡಿದು ಬಂದು, ಒಂದು ಮಾತೂ ಆಡದೆ ಬಾಣಲಿಯ ಮೇಲೆ ನೀರು ಸುರಿದಳು. ಕೆಂಡ ಚುಂಯ್ ಅಂದು ಆರಿತು. ಬಿದ್ದವರೆಲ್ಲ ಒಬ್ಬೊಬ್ಬರಾಗಿ ಎದ್ದರು.

"ಅಡಿಗೆಯಾ?" ಅಂದ ಚನ್ನರಾಯಪ್ಪ. ಅವನ ಇಸ್ತ್ರಿ ಷರಟಿನ ಮುಂಭಾಗವೆಲ್ಲ ಕೆಮ್ಮಣ್ಣು. "ನಾನು ಮೂರು ಮೂರು ಸಲ ನೆಲಕ್ಕೆ ಬಿದ್ದಿದ್ದು ಒಬ್ಬ ಅಡಿಗೆಯವನ ಮಾತು ಕೇಳಿಕೊಂಡಾ?"

"ಮೊದಲ ಲೋಟ ಟೀ ಯಾವಾಗಲೂ ಇವನಿಗೇ ಕೊಟ್ನಲ್ಲಪ್ಪೋ!" ಆಂಜಿನಪ್ಪ ಹಣೆ ಬಡಿದುಕೊಂಡ.

ಕೋದಂಡರಾಮಪ್ಪನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕ್ಯಾಪ್ಟನ್ನು ನಡೆದದ್ದೇನು ಹೇಳು ಅಂತ ಗದರಿದಾಗ, ಹಾರದಿಂದ ಹಿಡಿದು ಆಲೂಗಡ್ಡೆಯವರೆಗೆ ಎಲ್ಲವನ್ನೂ ಹೇಳಿಬಿಟ್ಟ. ಕ್ಯಾಪ್ಟನ್ನು ನಕ್ಕು ನಕ್ಕು ಮಂಚದ ಮೇಲೆ ಕೂತುಬಿಟ್ಟ. ಆಮೇಲೆ ಕಣ್ಣೊರೆಸಿಕೊಂಡು ತನ್ನ ಕ್ಯಾಂಪಿನ ಕತೆಯೊಂದನ್ನು ಹೇಳಿದ: ಮರಳುಗಾಡಿನಲ್ಲಿ ಗಾಳಿ ಎದ್ದಾಗ ಹೆಲಿಕಾಪ್ಟರಿನ ಚಕ್ರಕ್ಕೆ ಅಡ್ಡ ಕೊಡಲು ಕಲ್ಲು ಸಿಗದೆ, ಹಿಂದಿನ ದಿನದ ಚಪಾತಿಗಳನ್ನು ಜೋಡಿಸಿ ಕೊಟ್ಟರಂತೆ, ಹೆಲಿಕಾಪ್ಟರ್ ಒಂದಿಂಚೂ ಅಲುಗಲಿಲ್ಲವಂತೆ. ಕೋದಂಡರಾಮಪ್ಪ ಅದನ್ನು ಒಂದಕ್ಷರ ಬಿಡದೆ ಕನ್ನಡಕ್ಕೆ ತಂದ. ಜನರಲ್ಲಿ ಯಾರೋ ಕಿಸಕ್ಕೆಂದರು.

ಹೇಗೂ ಮಾನ ಹೋಗಿತ್ತು. ಅವನು ತನ್ನದನ್ನೂ ಹೇಳತೊಡಗಿದ. ಹೆಲಿಕಾಪ್ಟರ್ ಇಳಿದಾಗಲೆಲ್ಲ ಬೇಳೆಯ ಹಂಡೆಗೆ ಧೂಳು ಬೀಳುತ್ತಿದ್ದದ್ದು. ಧೂಳು ಬೀಳದ ದಿನ ಸಿಪಾಯಿಗಳು ಸಾರು ಸಪ್ಪೆ ಅಂತ ದೂರಿದ್ದು. ಸೈರನ್ ಆದಾಗ ಎಲ್ಲರೂ ಕಂದಕಕ್ಕೆ ಹಾರಿದರೆ ತಾನು ಹಾಲು ಉಕ್ಕುತ್ತದೆಂದು ಒಲೆ ಬಿಡದೆ ನಿಂತದ್ದು, ಅದನ್ನು ಧೈರ್ಯವೆಂದು ತಿಳಿದ ಸಾಹೇಬರು ಶಹಬ್ಬಾಸ್ ಅಂದದ್ದು. ಗನ್ನಿನ ಕತೆಗಳಿಗೆ ಬಾಯಿ ತೆರೆದು ಕೂತಿದ್ದ ಊರು ಈ ಕತೆಗಳಿಗೆ ಹೊಟ್ಟೆ ಹಿಡಿದು ನಕ್ಕಿತು. ಕೋದಂಡರಾಮಪ್ಪನ ಎದೆ ಹಗುರವಾಯಿತು. ಇಷ್ಟು ಚೆಂದದ ನಿಜವನ್ನು ಇಟ್ಟುಕೊಂಡು ಯಾಕಪ್ಪಾ ಸುಳ್ಳು ಹೊತ್ತೆ ಅಂತ ತನ್ನ ಮೇಲೇ ಮರುಕವಾಯಿತು.

ಚನ್ನರಾಯಪ್ಪ ಮಾತ್ರ ನಗಲಿಲ್ಲ. "ಅಡಿಗೆಯವನು ಅಂತೀಯ. ಇದಾದ್ರೂ ನಿಜ ಅನ್ನೋಕೆ ಏನ್ ಗ್ಯಾರಂಟಿ? ಅತಿಥಿಗಳು ಬೆಳಗಿನಿಂದ ಉಪವಾಸ ಅವ್ರೆ. ಮಾಡಿ ಹಾಕು, ನೋಡಾಣ."

"ಮಾಡ್ತೀನಿ!" ಅಂದ ಕೋದಂಡರಾಮಪ್ಪ. ಅವನ ಕಣ್ಣಿನಲ್ಲಿ ಹಿಂದೆಂದೂ ಇಲ್ಲದ ತೇಜಸ್ಸಿತ್ತು. ಗೋಮಾಳದ ಆಚೆ ತುದಿಯಲ್ಲಿ, ಎಣ್ಣೆಯಿಂದಲೂ ಹುಳದಿಂದಲೂ ದೂರ, ಒಲೆ ಹೂಡಿಸಿದ. ತೋಳು ಮಡಚಿದ. ಭಾರತಮ್ಮ ಹುಣಸೆಹಣ್ಣು ತಂದರೆ "ಮಿಲಿಟರೀಲಿ ಅದಿಲ್ಲ" ಅಂದ. ಕೊತ್ತಂಬರಿ ತಂದರೆ "ಅದೂ ಇಲ್ಲ" ಅಂದ. ಕ್ಯಾಂಪಿನ ಅಳತೆಯ ರೂಢಿಯಲ್ಲಿ ಉಪ್ಪನ್ನು ಬೊಗಸೆಯಲ್ಲಿ ಹಾಕಿದ. ಹೆಚ್ಚಾಯಿತೆಂದು ನೀರು ಹಾಕಿದ, ನೀರಾಯಿತೆಂದು ಬೇಳೆ ಹಾಕಿದ, ಬೇಳೆ ಬೇಯಲಿಲ್ಲವೆಂದು ಸೌದೆ ಹಾಕಿದ. ತಳ ಹಿಡಿಯಿತು. ಚಪಾತಿಗೆ ಹಿಟ್ಟು ನಾದಿದ ರೀತಿ ನೋಡಿ ಭಾರತಮ್ಮ ಮುಖ ತಿರುಗಿಸಿಕೊಂಡಳು.

ಬಡಿಸಿದ. ಮೊದಲ ತುತ್ತು ಬಾಯಿಗಿಟ್ಟ ಆಂಜಿನಪ್ಪ ನುಂಗಬೇಕೋ ಉಗಿಯಬೇಕೋ ತೋಚದೆ ಆಕಾಶ ನೋಡಿದ. ಚನ್ನರಾಯಪ್ಪ ಚಪಾತಿಯ ಒಂದು ತುದಿ ಹಿಡಿದು, ಇನ್ನೊಂದು ತುದಿಯನ್ನು ಪಕ್ಕದವನಿಗೆ ಕೊಟ್ಟು, ಇಬ್ಬರೂ ಹಿಂದಕ್ಕೆ ಬಾಗಿ ಎಳೆದರು. ಹರಿಯಲಿಲ್ಲ. ಚಪಾತಿಯನ್ನು ಗೋಮಾಳದಲ್ಲಿ ಮೇಯುತ್ತಿದ್ದ ತನ್ನ ಹಸುವಿನ ಮುಂದೆ ಹಿಡಿದ. ಕಟ್ಟಿದ ಹಗ್ಗವನ್ನೇ ತಿನ್ನುವ ಹಸು ಅದು. ಒಂದು ಸಲ ಮೂಸಿ, ಚನ್ನರಾಯಪ್ಪನ ಮುಖ ನೋಡಿ, ಆ ಕಡೆ ಹೋಯಿತು.

ಚನ್ನರಾಯಪ್ಪನ ಮುಖ ನಿಧಾನವಾಗಿ ಅರಳಿತು.

"ಲೇ, ನಮಗೆ ಮೋಸ ಮಾಡಬೇಡ ಕಣೋ" ಅಂದ. "ಇದು ಒಲೆ ಮುಂದೆ ಕೂತವನ ಕೈಯಾ? ಜನ್ಮದಲ್ಲಿ ಸೌಟು ಹಿಡಿದ ಕೈಯಲ್ಲ ಇದು. ಮುದುಕಿ ಜೀವ ಉಳಿಸೋಕೆ ನಿನ್ನ ಮಾನವನ್ನೇ ಕೊಟ್ಟುಬಿಟ್ಟೆಯಲ್ಲೋ ಕೋದಂಡ!"

ಜನ ನಿಟ್ಟುಸಿರು ಬಿಟ್ಟರು. ತಮ್ಮ ಗನ್ನರನ್ನು ಕಳೆದುಕೊಳ್ಳಲು ಅವರಿಗೂ ಮನಸ್ಸಿರಲಿಲ್ಲ. ಆಂಜಿನಪ್ಪ ಕಣ್ಣೊರೆಸಿಕೊಂಡ, ಅದು ಉಪ್ಪಿಗೋ ಭಾವನೆಗೋ ಹೇಳುವುದು ಕಷ್ಟ.

"ಇಲ್ಲಾ, ನಾನು ನಿಜವಾಗ್ಲೂ ಅಡಿಗೆಯವನು!" ಅಂದ ಕೋದಂಡರಾಮಪ್ಪ. "ಕ್ಯಾಪ್ಟನ್ನನ್ನೇ ಕೇಳಿ!"

ಕ್ಯಾಪ್ಟನ್ನೂ ಯುವಕನೂ ತಲೆಯೆತ್ತದೆ ತಿನ್ನುತ್ತಿದ್ದರು. ತಟ್ಟೆ ಖಾಲಿ ಮಾಡಿ ಕ್ಯಾಪ್ಟನ್ನು ತೃಪ್ತಿಯಿಂದ ಏನೋ ಹೇಳಿದ. ಎಲ್ಲರೂ ಕೋದಂಡರಾಮಪ್ಪನ ಬಾಯಿ ನೋಡಿದರು.

"ಹದಿನಾರಾಣೆ ಲಂಗರ್ ಊಟ, ಎಲ್ಲಾ ಕ್ಯಾಂಪಿನಲ್ಲೂ ಇದೇ ರುಚಿ ಅಂದ್ರು" ಅಂತ ಒಂದಕ್ಷರ ಹೆಚ್ಚುಕಡಿಮೆ ಇಲ್ಲದೆ ಭಾಷಾಂತರಿಸಿದ.

"ಪಾಪ, ಗನ್ನರ್‌ನ ಗುಟ್ಟು ಅವರು ಬಿಟ್ಟುಕೊಡ್ತಾರಾ?" ಅಂದ ಚನ್ನರಾಯಪ್ಪ. ಎಲ್ಲರೂ ಹೌದು ಹೌದು ಅಂದರು.

ಕೋದಂಡರಾಮಪ್ಪನಿಗೆ ಅಳು ಬಂತು. ಸೌಟು ಎತ್ತಿ ಹಿಡಿದು ಒಬ್ಬೊಬ್ಬರ ಮುಂದೆಯೂ ಹೋಗಿ ನಿಂತ. "ನಾನು ಅಡಿಗೆಯವನೇ ಕಣ್ರೋ! ಇಡೀ ಕ್ಯಾಂಪಿಗೆ ಬಡಿಸ್ತಿದ್ದೆ! ಭಾರತಾ, ನೀನಾದ್ರೂ ಹೇಳೇ!"

ಭಾರತಮ್ಮ ತಳ ಹಿಡಿದ ಪಾತ್ರೆಯನ್ನು ನೋಡಿದಳು, ಗಂಡನ ಮುಖವನ್ನು ನೋಡಿದಳು. "ನನಗೇನು ಗೊತ್ತು? ನಾನೇನು ಮಿಲಿಟರಿಗೆ ಬಂದಿದ್ನಾ?" ಅಂದು ಪಾತ್ರೆ ಎತ್ತಿಕೊಂಡು ಹೊರಟಳು.

ದೊಡ್ಡಮುನಿಯಮ್ಮ ಬಂದು ಅವನ ಕೈಯಿಂದ ಸೌಟನ್ನು ಮೆಲ್ಲಗೆ ಬಿಡಿಸಿಕೊಂಡಳು. ಅವನ ಬೆನ್ನು ಸವರಿ ಸಮಾಧಾನ ಹೇಳಿದಳು:

"ಇರ್ಲಿ ಬಿಡು ನಾಯನಾ, ಎಲ್ಲಾರ್ಗೂ ಎಲ್ಲಾ ಕೆಲಸ ಬರ್ತದಾ? ನಿಂಗೆ ಗನ್ನಾದ್ರೂ ಬಂತಲ್ಲ."